ಪೆನ್‌ಡ್ರೈವ್‌ನಲ್ಲಿ ಸಿಕ್ಕಿಕೊಂಡ ಅಪ್ಪ

ತಿ. ನರಸೀಪುರದ ಬಸ್ ಸ್ಟ್ಯಾಂಡ್ ಎದುರಿನ ಡಿ.ಟಿ.ಪಿ. ಅಂಗಡಿಯಲ್ಲಿ ನಮ್ಮ ಮೂವರಿಗೆ ಒಂದೇ ಕಂಪ್ಯೂಟರ್. ಲಾಗಿನ್, ಪಾಸ್‌ವರ್ಡ್ ಮಾತ್ರ ಬೇರೆ ಬೇರೆ. ಯಾರ ಲಾಗಿನ್‌ನಲ್ಲಿ ಎಷ್ಟು ಪುಟ ಆಯಿತೆಂದು ಮಾಲೀಕರು ಸಂಜೆ ನೋಡುತ್ತಿದ್ದರು. ಹಾಗಾಗಿ ಯಾರೂ ಕೆಲಸ ಮುಚ್ಚಿ ಏಳುತ್ತಿರಲಿಲ್ಲ. ತಮ್ಮದನ್ನು ತೆರೆದಿಟ್ಟು, ಪಾಸ್‌ವರ್ಡಿನ ಬೀಗ ಜಡಿದು ಕುರ್ಚಿ ಬಿಡುತ್ತಿದ್ದರು. ಫೈಲು ತೆರೆದೇ ಇರುವುದರಿಂದ ಗಿರಾಕಿಗಳ ಪೆನ್‌ಡ್ರೈವ್ ಆ ಬೀಗದೊಳಗೆ ಸಿಕ್ಕಿಕೊಳ್ಳುತ್ತಿತ್ತು. ಹಾಗೇ ಎಳೆದು ಕೆಟ್ಟುಹೋದ ಒಂದೊಂದು ಪೆನ್‌ಡ್ರೈವ್‌ಗೂ ಡೈರಿಯ ಹಿಂಪುಟದಲ್ಲಿ ಒಂದು ಗೀಟು ಹಾಕುತ್ತಿದ್ದೆ. ಅವನ್ನು ಕೂಡಿಸುವುದನ್ನು ಬಿಟ್ಟು ಬಹಳ ದಿನವಾಗಿತ್ತು.

ಆವತ್ತು ಶನಿವಾರ ಎಂದು ಡೈರಿಯಲ್ಲಿದೆ. ತಲಕಾಡು ಕಡೆಯ ಹೆಂಗಸೊಬ್ಬರು ಮಧ್ಯಾಹ್ನ ಬಂದರು. ಮಾರನೆಯ ದಿನ ಅವರ ತಂದೆಯ ತಿಥಿ. ತಂದೆಯದೆಂದು ಉಳಿದಿದ್ದು ಒಂದೇ ಫೋಟೊ, ಅದೂ ಪೆನ್‌ಡ್ರೈವ್‌ನಲ್ಲಿ. ಹಿಂದಿನ ದಿನ ಅವರಣ್ಣ ಅದನ್ನು ತಂದು, ತಲೆಗೆ ಮೈಸೂರು ಪೇಟ ಹಾಕಿಕೊಡಿ ಎಂದು ನನ್ನ ಜೊತೆಗಾರನಿಗೆ ಹೇಳಿದ್ದರಂತೆ. ಅವನು ಪೆನ್‌ಡ್ರೈವ್‌ನಿಂದಲೇ ಫೋಟೊ ತೆರೆದು, ಅರ್ಧ ಕೆಲಸ ಮಾಡಿ, ನಂಜನಗೂಡಿಗೆ ನೆಂಟರ ನಿಶ್ಚಿತಾರ್ಥಕ್ಕೆ ಹೋಗಿದ್ದ.

ಪೆನ್‌ಡ್ರೈವ್ ತೆಗೆಯಲು ಪರದೆಯ ಮೂಲೆಯ ಹಸಿರು ಗುರುತನ್ನು ಒತ್ತಿದೆ. ಈಗ ನಿಲ್ಲಿಸಲಾಗದು, ಆಮೇಲೆ ಪ್ರಯತ್ನಿಸಿ ಎಂದು ಬಂತು. ಮತ್ತೆ ಒತ್ತಿದರೂ ಅದೇ.

“ಏನಂತದೆ ಅದು?”

“ಆಮೇಲೆ ಬನ್ನಿ ಅಂತದೆ ಅಕ್ಕ.”

“ಸರಿಬುಡು, ಇದೂ ಆಪೀಸ್ನೋರ್ ತರಾನೇ ಮಾತಾಡ್ತದೆ. ಕಿತ್ತು ಕೊಡಪ್ಪ, ನಂಗೆ ಬಸ್ಸಿಗೆ ಒತ್ತಾಯ್ತು.”

ಕಿತ್ತರೆ ಇರುವ ಫೋಟೊವೂ ಹೋಗಬಹುದೆಂದೆ. ಅವರು ಬೆಂಚಿನ ಮೇಲೆ ಕೂತುಬಿಟ್ಟರು.

ಜೊತೆಗಾರನಿಗೆ ಫೋನ್ ಮಾಡಿದೆ. ಹಿಂದೆ ವಾಲಗದ ಸದ್ದು. “ಪಾಸ್‌ವರ್ಡ್ ಕೊಟ್ರೆ ನನ್ ಪುಟಾನೆಲ್ಲ ನಿನ್ ಲೆಕ್ಕಕ್ಕೆ ಆಕೊಂಡೀಯ ಕಣ್ಲಾ. ಸೋಮವಾರ ಬತ್ತೀನಿ,” ಎಂದ.

ಅವನಂದದ್ದನ್ನು ಆ ಹೆಂಗಸಿಗೆ ಹೇಳಿದೆ. ಮೊಬೈಲನ್ನು ಅವರ ಕೈಗೆ ಕೊಟ್ಟೆ.

“ನಿನ್ ಪುಟಾನೆಲ್ಲ ನೀನೇ ಮಡೀಕೊ ಮಗ,” ಎಂದರು ಅವರು. “ನಮ್ಮಪ್ಪನ್ನ ಬುಟ್ಬುಡು ಸಾಕು.”

ಅವನು ಪಾಸ್‌ವರ್ಡಿನ ಒಂದೊಂದೇ ಅಕ್ಷರ ಹೇಳಿದ. ಅವರು ಅದನ್ನು ನನಗೆ ದಾಟಿಸಿದರು.

ಪರದೆಯ ಮೇಲೆ ಮುದುಕರೊಬ್ಬರು ಮೂಡಿದರು. ತಲೆಯ ಎಡಗಡೆ ಜರಿಯ ಪೇಟ, ಬಲಗಡೆ ಮಾಸಿದ ಚೌಕಳಿ ಟವಲು. ಮಗಳು ಹತ್ತಿರ ಬಂದು ನೋಡಿದರು.

“ಪೇಟ ಮುಗಿಸಲಾ ಅಕ್ಕ? ಅರ್ಧ ಗಂಟೆ ಆಗಬಹುದು.”

“ನಮ್ಮಣ್ಣಂಗೆ ನಾಕ್ ಜನದ್ ಮುಂದೆ ಚೆಂದಾಗಿ ಕಾಣ್ಬೇಕು ಅಂತ. ನಮ್ಮಪ್ಪ ಟವಲ್ ಬುಟ್ಟು ಬ್ಯಾರೆ ಕಟ್ದೋರಲ್ಲ. ಟವಲ್ಲೇ ಇರ್ಲಿ.”

ಮುಚ್ಚಲು ಹೋದಾಗ, ಬದಲಾವಣೆ ಉಳಿಸಬೇಕೆ ಎಂದು ಕೇಳಿತು. ಬೇಡವೆಂದು ಒತ್ತಿದೆ. ಮಧ್ಯಾಹ್ನವೆಲ್ಲ ಪೆನ್‌ಡ್ರೈವನ್ನು ಹಿಡಿದಿಟ್ಟಿದ್ದ ಅರ್ಧ ಪೇಟ ಅಷ್ಟರಲ್ಲಿ ಹೋಯಿತು. ಮತ್ತೆ ತೆರೆದಾಗ ಪೂರ್ತಿ ಟವಲಿನ ಅಪ್ಪ ಹಾಗೇ ಇದ್ದರು. ಜೊತೆಗಾರನ ಲಾಗಿನ್‌ನಿಂದಲೇ ಪ್ರಿಂಟ್ ತೆಗೆದೆ. ಆ ಪುಟ ಅವನ ಲೆಕ್ಕಕ್ಕೇ ಹೋಗಲಿ ಎನಿಸಿತು. ಫೋಟೊ ಮುಚ್ಚಿ ಹಸಿರು ಗುರುತು ಒತ್ತಿದೆ. ಈಗ ತೆಗೆಯಬಹುದು ಎಂದಿತು.

ಅವರು ಪೆನ್‌ಡ್ರೈವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಪ್ರಿಂಟನ್ನು ಮಡಿಸದೆ ಎದೆಗೆ ಹಿಡಿದು ರಸ್ತೆ ದಾಟಿದರು. ತಲಕಾಡಿನ ಬಸ್ಸು ಹೊರಟುಹೋಗಿತ್ತು. ಇನ್ನೊಂದಕ್ಕಾಗಿ ಅವರು ನಿಂತೇ ಇದ್ದುದು ನನ್ನ ಕುರ್ಚಿಯಿಂದ ಕಾಣುತ್ತಿತ್ತು.