ಕ್ಲಿಂಗರ್ ಮನೆತನ ಹಿಂದೆ ಬಿಟ್ಟು ಬಂದವರು

ಕ್ಲಿಂಗರ್ ಮನೆತನದ ಆರ್ಫಾ ಪಶ್ಚಿಮ ಕಡಲತೀರದ ಒರೆಗಾನಿನ ಒಂದು ಸಣ್ಣ ಊರಿನಲ್ಲಿ, ಬೀನ್ಸನ್ನು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ನಿಂತೇ ಆಯುಸ್ಸು ಸವೆಸಿದವಳು. ಗಂಡ ಬೇಗ ತೀರಿಕೊಂಡ. ಒಬ್ಬನೇ ಮಗ ಮರ ಕೊಯ್ಯುವ ಮಿಲ್ಲಿನಲ್ಲಿ ದಿಮ್ಮಿ ಉರುಳಿ ಸತ್ತ. ಆಮೇಲೆ ಅವಳಿಗೆ ಉಳಿದದ್ದು ತಾಯಿ ಲವೈನಾ ಒಬ್ಬಳೇ.

ಅಪ್ಪ ಬದುಕಿದ್ದಾಗ ಭಾನುವಾರದ ಊಟಕ್ಕೆ ಯಾರಾದರೂ ನೆಂಟರು ಬಂದರೆ ಸಾಕು, ವಂಶದ ಕಥೆ ಶುರುವಾಗುತ್ತಿತ್ತು. ಯೋಸ್ಟ್ ಕ್ಲಿಂಗರ್ ಎಂಬ ಹಿರೀಕ ರೈನ್ ನದಿಯ ಕಡೆಯಿಂದ ಹಡಗು ಹತ್ತಿ ಪೆನ್ಸಿಲ್ವೇನಿಯಾದ ಫಿಲಡೆಲ್ಫಿಯಾದಲ್ಲಿ ಇಳಿದ. ಅವನ ಮಗ ಬೆಟ್ಟದ ಸಾಲು ಹಿಡಿದು ವರ್ಜೀನಿಯಾಕ್ಕೆ ಹೋದ. ಮೊಮ್ಮಗ ಓಹಾಯೋದಲ್ಲಿ ಕಾಡು ಕಡಿದ. ಅಲ್ಲಿಂದ ಐಯೋವಾ, ಐಯೋವಾದಿಂದ ನೆಬ್ರಾಸ್ಕಾ. "ನಾನು ಇಲ್ಲಿಗೆ ಬಂದೆ. ಮುಂದೆ ಬರೀ ನೀರು, ಅದಕ್ಕೇ ನಿಂತೆ. ಇಲ್ದಿದ್ರೆ ನಿಲ್ಲೋ ಜನವೇ ಅಲ್ಲ ನಾವು!" ಎಂದು ಅಪ್ಪ ಮೇಜು ಕುಟ್ಟಿ ನಗುತ್ತಿದ್ದ. ಕಥೆ ನೆಬ್ರಾಸ್ಕಾಕ್ಕೆ ಬರುವ ಹೊತ್ತಿಗೆ ತಾಯಿ ತಟ್ಟೆಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋಗಿಬಿಡುತ್ತಿದ್ದಳು. ಅದೇಕೆ ಎಂದು ಯಾರೂ ಕೇಳಿದವರಲ್ಲ.

ಆರ್ಫಾಳಿಗೆ ಗೊತ್ತಿತ್ತು. ನೆಬ್ರಾಸ್ಕಾದಲ್ಲಿ ಅವಳಿಗೆ ಒಬ್ಬಳು ತಂಗಿ ಇದ್ದಳು, ಎಲ್ಸಿ. ಗಂಟಲುಮಾರಿ ಮೊದಲು ಬಂದದ್ದು ಆರ್ಫಾಳಿಗೆ, ಅವಳು ಉಳಿದಳು. ಮಗು ಉಳಿಯಲಿಲ್ಲ, ಹೊಲದಲ್ಲೇ ಹೂತರು. ಮರುವರ್ಷವೇ ಅಪ್ಪ ಹೊಲ ಮಾರಿ ಎಲ್ಲರನ್ನೂ ರೈಲು ಹತ್ತಿಸಿದ. ಆರ್ಫಾಳಿಗೆ ಆಗ ಏಳು ವರ್ಷ.

ತಾಯಿ ಎಂಬತ್ತೈದು ದಾಟಿದ ಮೇಲೆ ಜಾರಿಬಿದ್ದು ಸೊಂಟ ಮುರಿದುಕೊಂಡಳು. ಅವಳನ್ನು ಎತ್ತಿ ಕೂರಿಸುವ ಶಕ್ತಿ ಆರ್ಫಾಳಿಗಿರಲಿಲ್ಲ. ಊರಾಚೆಯ ವೃದ್ಧರ ಆರೈಕೆ ಮನೆಗೆ ಸೇರಿಸಿದಳು. ಅಲ್ಲಿ ತಾಯಿಯ ನೆನಪು ಒಂದೊಂದೇ ಕಡೆಯಿಂದ ಕಳಚುತ್ತ ಬಂತು. ಗಂಡನ ಹೆಸರು ಹೋಯಿತು. ಆರ್ಫಾಳನ್ನು ದಾದಿ ಎಂದುಕೊಂಡಳು. ಆದರೆ ಪ್ರತಿ ಭೇಟಿಯಲ್ಲೂ ಕೇಳುವ ಮಾತು ಮಾತ್ರ ಬದಲಾಗಲಿಲ್ಲ.

"ಎಲ್ಸಿನ ಯಾರಾದ್ರೂ ನೋಡ್ಕೊಳ್ತಾ ಇದಾರಾ? ಮಗು ಒಂದೇ ಇದೆ ಅಲ್ಲಿ."

ಒಂದು ದಿನ ಆರ್ಫಾ, "ನಾನೇ ಹೋಗಿ ನೋಡ್ಕೊಂಡು ಬರ್ತೀನಮ್ಮ" ಅಂದುಬಿಟ್ಟಳು. ಆಡಿದ ಮೇಲೆ ಹೋಗದಿರಲು ಆಗಲಿಲ್ಲ. ಅದು ಸಾವಿರದ ಒಂಬೈನೂರ ಎಪ್ಪತ್ನಾಲ್ಕರ ಬೇಸಿಗೆ.

ಚಿಕ್ಕಪ್ಪನ ಮಗ ವರ್ಲಿನ್ ಹಿಂದೆ ಮರ ಸಾಗಿಸುವ ಲಾರಿ ಓಡಿಸುತ್ತಿದ್ದವನು, ಈಗ ಹೆಂಡತಿ ಸತ್ತು ಒಂಟಿಯಾಗಿದ್ದ. ತನ್ನ ಹಳೇ ಪಿಕಪ್ ಗಾಡಿಯಲ್ಲಿ ಕರೆದುಕೊಂಡು ಹೋಗಲು ಒಪ್ಪಿದ. ದಾರಿಯುದ್ದಕ್ಕೂ ಅವನ ಬಾಯಿ ಬಿಡುವು ಕಾಣಲಿಲ್ಲ.

"ಇನ್ನೂರು ವರ್ಷದಿಂದ ಕ್ಲಿಂಗರ್‌ಗಳೆಲ್ಲ ಸೂರ್ಯ ಮುಳುಗೋ ಕಡೆ ಹೋದ್ರು. ನೀನೊಬ್ಳು ನೋಡು ಮಾರಾಯ್ತಿ, ಉಲ್ಟಾ ಹೊರಟಿದೀಯ. ತಾತಂದಿರೆಲ್ಲ ಎದ್ದು ಬಂದು ಬೈತಾರೆ."

"ಬಯ್ಯಲಿ. ಹಾಗಾದ್ರೂ ಎಲ್ಲಿದಾರೆ ಅಂತ ಗೊತ್ತಾಗತ್ತೆ. ನೀನು ರಸ್ತೆ ನೋಡೋ."

ನೆಬ್ರಾಸ್ಕಾದಲ್ಲಿ ಹಳ್ಳ ಬಳುಕುವ ತಿರುವನ್ನು ನೋಡಿಯೇ ಆರ್ಫಾ ಜಾಗ ಗುರುತು ಹಿಡಿದಳು. ಮನೆ ಇರಲಿಲ್ಲ. ಕಣ್ಣು ಹಾಯುವಷ್ಟು ದೂರ ತಲೆಯೆತ್ತರದ ಮೆಕ್ಕೆಜೋಳ. ಅದರ ಮೇಲೆ ಗಾಲಿಗಳ ಮೇಲೆ ನಿಂತ ಉದ್ದನೆಯ ನೀರಿನ ಕೊಳವೆ ನಿಧಾನವಾಗಿ ಸುತ್ತು ಬರುತ್ತಿತ್ತು. ಹೊಲದ ಯಜಮಾನ ಹ್ರಾಬಿಕ್ ಎಂಬವನು ಟ್ರ್ಯಾಕ್ಟರ್ ನಿಲ್ಲಿಸಿ ಬಂದ. ಆರ್ಫಾ ವಿಷಯ ಹೇಳಿದಳು. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಇಲ್ಲೆಲ್ಲೋ ಒಂದು ಸಣ್ಣ ಬೇಲಿ ಇತ್ತು ಅಂತ ಅಪ್ಪ ಹೇಳ್ತಿದ್ರು ಅಮ್ಮಾ. ಈ ನೀರಿನ ಕೊಳವೆ ಹಾಕ್ಸುವಾಗ ಮರ, ಬೇಲಿ ಎಲ್ಲಾ ಕಿತ್ತು ಸಮ ಮಾಡ್ಸಿದ್ರು. ಒಳಗೆ ಏನಿತ್ತು ಅಂತ ನಮಗೆ ಗೊತ್ತಿರ್ಲಿಲ್ಲ."

"ಯಾವ ಜಾಗ ಅಂತಾನಾದ್ರೂ ಹೇಳ್ತೀರಾ?"

ಅವನು ಆ ಕಂಬದಿಂದ ಈ ಕಡೆಗೆ ಎಂದು ಕೈ ತೋರಿಸಲು ಹೋಗಿ, ಅರ್ಧಕ್ಕೇ ಇಳಿಸಿದ. "ಸುಳ್ಳು ಹೇಳ್ದಂಗೆ ಆಗತ್ತೆ. ನಂಗೆ ಗೊತ್ತಿಲ್ಲ."

ಆರ್ಫಾ ಜೋಳದೊಳಗೆ ಹೋದಳು. ಎಲೆಗಳು ಕೈ ಗೀರಿದವು. ಎಷ್ಟು ದೂರ ಹೋದರೂ ಒಂದೇ ಥರದ ಸಾಲು, ಒಂದೇ ಥರದ ಒದ್ದೆ ಮಣ್ಣು. ಎಲ್ಲಿ ನಿಂತರೂ ಮಗುವಿನ ಮೇಲೇ ನಿಂತಿರಬಹುದು ಅನ್ನಿಸಿ ಕಾಲು ಮುಂದಿಡಲು ಭಯವಾಯಿತು. ಹೊರಗೆ ಬಂದಾಗ ವರ್ಲಿನ್ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟ.

"ವಾಪಸ್ ಹೋಗೋಣ್ವಾ?" ಕೇಳಿದ.

"ಇಷ್ಟು ದೂರ ಬಂದಿದೀವಿ. ಐಯೋವಾ ನೋಡೋಣ. ಬಾರ್ಬರಾ ಮುತ್ತಜ್ಜಿ ಗೋರಿಯಾದ್ರೂ ಇರತ್ತೆ. ಅಮ್ಮಂಗೆ ಹೇಳೋಕೆ ಏನಾದ್ರೂ ಒಂದು ಬೇಕಲ್ಲ."

ಬಾರ್ಬರಾ ಅಪ್ಪನ ಅಜ್ಜಿ. ಮನೆ ಬಿಟ್ಟು ಬರಲು ಒಪ್ಪದೆ ಐಯೋವಾದಲ್ಲೇ ಮಗಳ ಜೊತೆ ಸುಖವಾಗಿ ಉಳಿದಳು ಎಂದು ಅಪ್ಪ ಹೇಳುತ್ತಿದ್ದ. ಆ ಊರಿನ ಚರ್ಚಿನ ಹಿತ್ತಲಲ್ಲಿ ಕ್ಲಿಂಗರ್ ಎಂಬ ಕಲ್ಲೇ ಇರಲಿಲ್ಲ. ಪಾದ್ರಿಯ ಹೆಂಡತಿ ಅವರನ್ನು ಟ್ರೆಸ್ಸಾ ಎಂಬ ತೊಂಬತ್ತು ದಾಟಿದ ಮುದುಕಿಯ ಹತ್ತಿರ ಕಳಿಸಿದಳು. ಟ್ರೆಸ್ಸಾ ಅಡುಗೆಮನೆಯಲ್ಲಿ ಬಟಾಣಿ ಬಿಡಿಸುತ್ತಿದ್ದಳು.

"ಬಾರ್ಬರಾಗೆ ಮಗಳಾ? ಯಾವ ಮಗಳು! ನಮ್ಮಪ್ಪ ಸರ್ಕಾರದ ಅನಾಥರ ಮನೆ ನೋಡ್ಕೊಳ್ತಿದ್ದ. ಅವಳು ಅಲ್ಲಿದ್ಲು. ನಾನು ಬರಿಗಾಲಲ್ಲಿ ಆಡ್ಕೊಂಡಿದ್ದ ಕಾಲ. ಇಡೀ ದಿನ ಆಲೂಗಡ್ಡೆ ಸುಲೀತಿದ್ಲು."

"ಅನಾಥರ ಮನೇಲಾ?" ಆರ್ಫಾ ಕೇಳಿದಳು.

"ಹೂಂ. ಮಗ ಬಿಟ್ಟು ಹೋಗಿದ್ದ. ಗಾಡೀಲಿ ಜಾಗ ಇರ್ಲಿಲ್ವಂತೆ. ನೇಗಿಲು, ಒಲೆ, ಮಕ್ಕಳು. ಅಲ್ಲಿ ಮನೆ ಕಟ್ಟಿದ ಮೇಲೆ ಬಂದು ಕರ್ಕೊಂಡು ಹೋಗ್ತಾನೆ ಅಂತ ಎಲ್ಲರಿಗೂ ಹೇಳ್ತಿದ್ಲು. ಆ ಕಡೆಯಿಂದ ಗಾಡಿ ಸದ್ದು ಕೇಳಿದ್ರೆ ಸಾಕು, ಚಾಕು ಅಲ್ಲೇ ಬಿಸಾಕಿ ಗೇಟಿಗೆ ಓಡೋಳು. ನಾವು ಮಕ್ಕಳು ಗೇಲಿ ಮಾಡ್ತಿದ್ವಿ. ಬುದ್ಧಿ ಇರ್ಲಿಲ್ಲ."

"ಯಾರಾದ್ರೂ ಬಂದ್ರಾ?"

ಟ್ರೆಸ್ಸಾ ಬಟಾಣಿಯಿಂದ ತಲೆಯೆತ್ತಿ ಅವಳನ್ನೇ ನೋಡಿದಳು. "ನೀವೇ ಮೊದಲು ಬಂದಿರೋದು."

ಅನಾಥರನ್ನು ಹೂಳುವ ಜಾಗ ರಸ್ತೆ ಬದಿಯಲ್ಲಿತ್ತು. ತಲೆಯ ಕಡೆ ನೆಟ್ಟಿದ್ದ ಕಬ್ಬಿಣದ ಗುರುತುಗಳನ್ನು ಯುದ್ಧದ ಕಾಲದಲ್ಲಿ ಗುಜರಿಗೆ ಕಿತ್ತುಕೊಂಡಿದ್ದರಂತೆ. ಈಗ ಬರೀ ಹುಲ್ಲು.

ಗಾಡಿಯಲ್ಲಿ ಕೂತ ಮೇಲೆ ವರ್ಲಿನ್ ನಗಿಸಲು ನೋಡಿದ. "ಪೆನ್ಸಿಲ್ವೇನಿಯಾವರೆಗೂ ಹೋಗಿಬಿಡೋಣ್ವಾ? ಯೋಸ್ಟ್ ತಾತ ಒಬ್ನೇ ಬೇಜಾರು ಮಾಡ್ಕೊಂಡಿರ್ತಾನೆ."

"ಅವನು ಯಾರನ್ನ ಬಿಟ್ಟು ಬಂದ್ನೋ, ಅದು ನಂಗೆ ಗೊತ್ತಾಗೋದು ಬೇಡ. ಮನೆಗೆ ತಿರುಗ್ಸು."

ಊರಿಗೆ ಬಂದವಳು ಸೀದಾ ಆರೈಕೆ ಮನೆಗೆ ಹೋದಳು. ತಾಯಿ ಕಿಟಕಿಯ ಹತ್ತಿರ ಕುರ್ಚಿಯಲ್ಲಿದ್ದಳು, ಕಾಲಿನ ಮೇಲೆ ಕಂಬಳಿ. ಏನು ಹೇಳಬೇಕೆಂದು ಆರ್ಫಾ ದಾರಿಯುದ್ದಕ್ಕೂ ಹೊಂದಿಸಿಕೊಂಡಿದ್ದಳು.

"ಅಮ್ಮ, ಎಲ್ಸಿನ ನೋಡ್ಕೊಂಡು ಬಂದೆ. ಚೆನ್ನಾಗಿಟ್ಟಿದಾರೆ. ಕಲ್ಲು ನೆಟ್ಟಗೆ ನಿಂತಿದೆ, ಹೆಸರು ಕೂಡ ಅಳಿಸಿಲ್ಲ. ಪಕ್ಕದಲ್ಲಿ ಹೂವಿನ ಗಿಡ ಬಂದಿದೆ."

ತಾಯಿ ತಿರುಗಿದಳು. ಎಷ್ಟೋ ತಿಂಗಳ ನಂತರ ಆ ಕಣ್ಣುಗಳು ಆರ್ಫಾಳನ್ನು ಆರ್ಫಾ ಎಂದೇ ನೋಡಿದವು.

"ಯಾವ ಕಲ್ಲು? ಕಲ್ಲು ಎಲ್ಲಿತ್ತು ನಮ್ಮತ್ರ? ನಿಮ್ಮಪ್ಪ ಗಾಡಿ ಹಲಗೆ ಒಂದನ್ನ ಕಿತ್ತು ನೆಟ್ಟ. ಅದ್ರ ಮೇಲೆ ಒಂದಕ್ಷರ ಇರ್ಲಿಲ್ಲ."

"ಅಮ್ಮ..."

"ಯಾರದೋ ಮಗುನ ನೋಡ್ಕೊಂಡು ಬಂದಿದೀಯ. ಇಲ್ಲಾ, ಸುಳ್ಳು ಹೇಳ್ತಿದೀಯ." ಸಿಟ್ಟಿರಲಿಲ್ಲ ದನಿಯಲ್ಲಿ. "ಇಲ್ಲ ಅಲ್ವಾ? ಏನೂ ಉಳಿದಿಲ್ಲ ಅಲ್ವಾ?"

ಆರ್ಫಾ ಬಗ್ಗಿ ಕಂಬಳಿಯ ಅಂಚು ಸರಿಮಾಡತೊಡಗಿದಳು. ತಾಯಿಗೆ ಅಷ್ಟೇ ಸಾಕಾಯಿತು. ಕಂಬಳಿಯನ್ನು ಎದೆಯವರೆಗೆ ಎಳೆದುಕೊಂಡು ಮುಖ ಆಚೆ ತಿರುಗಿಸಿದಳು. ಆಮೇಲೆ ಅವಳು ಎಲ್ಸಿಯ ಬಗ್ಗೆ ಕೇಳಲಿಲ್ಲ. ಬೇರೆ ಏನನ್ನೂ ಕೇಳಲಿಲ್ಲ. ಆರ್ಫಾ ದಿನವೂ ಹೋಗಿ ಪಕ್ಕದಲ್ಲಿ ಕೂರುತ್ತಿದ್ದಳು, ಚಮಚದಲ್ಲಿ ಪೀಚ್ ಹಣ್ಣಿನ ರಸ ಕುಡಿಸುತ್ತಿದ್ದಳು. ತಾಯಿ ತುಟಿ ತೆರೆಯುತ್ತಿದ್ದಳು, ಅಷ್ಟೇ. ನವೆಂಬರಿನಲ್ಲಿ ತೀರಿಕೊಂಡಳು.

ಮರುವರ್ಷ ಆಗಸ್ಟಿನಲ್ಲಿ ಕ್ಲಿಂಗರ್ ಮನೆತನದವರೆಲ್ಲ ಪಾರ್ಕಿನಲ್ಲಿ ಊಟಕ್ಕೆ ಸೇರಿದಾಗ ವಂಶದ ಕಥೆ ಹೇಳುವ ಸರದಿ ಆರ್ಫಾಳದಾಯಿತು. ಅವಳು ಬಾರ್ಬರಾಳಿಂದ ಶುರುಮಾಡಿ ಎಲ್ಸಿಯವರೆಗೆ ಹೇಳಿದಳು. ಯಾರೋ "ಅಯ್ಯೋ ಪಾಪ" ಎಂದರು. ವರ್ಲಿನ್‌ನ ಮಗಳು, "ಅತ್ತೆ, ಹಡಗಿನ ಕಥೆ ಹೇಳ್ತೀರ ಅಂದ್ಕೊಂಡಿದ್ದೆ. ಮಕ್ಳೂ ಅದನ್ನೇ ಕಾಯ್ತಿದ್ರು" ಅಂದಳು. ಸ್ವಲ್ಪ ಹೊತ್ತಿಗೆ ಹಣ್ಣಿನ ಪೈ ಕತ್ತರಿಸಿದರು. ಆರ್ಫಾ ತನ್ನ ತಟ್ಟೆ ತೊಳೆದುಕೊಂಡು ಎಲ್ಲರಿಗಿಂತ ಮೊದಲು ಮನೆಗೆ ಹೋದಳು.

ತಾಯಿಯ ಗೋರಿಗೆ ಕಲ್ಲು ಹಾಕಿಸುವುದು ಬಾಕಿಯಿತ್ತು. ಕಲ್ಲು ಕೆತ್ತುವವನ ಹತ್ತಿರ ತಾಯಿಯ ಹೆಸರು ಹೇಳಿದ ಮೇಲೆ ಅವಳು ತಡೆದು, "ಕೆಳಗೆ ಎಲ್ಸಿ ಅಂತಾನೂ ಹಾಕಿ" ಎಂದಳು.

"ಅವರೂ ಇಲ್ಲೇ ಇದಾರಾ?"

"ಇಲ್ಲ."

"ಮತ್ತೆ ಎಲ್ಲಿ?"

ಆರ್ಫಾ ಹೇಳಲು ನೋಡಿದಳು. ಆ ಕಂಬದಿಂದ ಈ ಕಡೆಗೆ ಎನ್ನುವುದಕ್ಕೂ ಆಗಲಿಲ್ಲ. ಅವನು ಪೆನ್ಸಿಲ್ ಹಿಡಿದು ಕಾಯುತ್ತಿದ್ದ.

"ಬೇಡ ಬಿಡಿ" ಎಂದಳು. "ತಾಯಿ ಹೆಸರೊಂದೇ ಸಾಕು."