ಡಾಕ್ಟರು ತಂದ ಕಾಡುಹಂದಿ

ಡಾಕ್ಟರ ಬೆರಳುಗಳು ಉದ್ದವಾಗಿ, ತೆಳ್ಳಗೆ, ಉಗುರಿನ ಸುತ್ತ ಒಂದು ಗೀರೂ ಇಲ್ಲದೆ ಇದ್ದವು. ವಾರವೆಲ್ಲ ಜನರ ಕಣ್ಣಿನ ಪೊರೆ ತೆಗೆಯುವ ಆ ಬೆರಳುಗಳು ಶನಿವಾರ ತಮ್ಮ ಅಡುಗೆಮನೆಯಲ್ಲಿ ಕಾಡುಹಂದಿಯ ಮಾಂಸವನ್ನು ಒಂದೇ ಅಳತೆಯಲ್ಲಿ ಹೆಚ್ಚುತ್ತಿದ್ದವು. ನನ್ನ ಹೆಂಡತಿ ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. ನಾನು ಅವಳು ನೋಡುವುದನ್ನು ನೋಡುತ್ತಿದ್ದೆ.

ತೊಂಬತ್ತರ ದಶಕದ ಆರಂಭದಲ್ಲಿ ನಾವು ಅಮೆರಿಕದ ಲಾರೆನ್ಸ್‌ವಿಲ್‌ಗೆ ಬಂದಾಗ ಡಾಕ್ಟರು ಅಲ್ಲಿ ಹಳಬರು. ಹೆಂಡತಿ ತೀರಿಕೊಂಡಿದ್ದರು, ಒಂಟಿ ಮನೆ. ಅವರು ಕೊಡವರು, ನನ್ನವಳೂ ಕೊಡವತಿ. ನಾನು ಮೈಸೂರಿನ ಸಸ್ಯಾಹಾರಿ. ನಾನು ಕೇಳದಿದ್ದರೂ ಮದುವೆಯಾದ ಮೇಲೆ ಅವಳು ನಮ್ಮ ಮನೆಯಲ್ಲಿ ಮಾಂಸ ಬೇಯಿಸಿರಲಿಲ್ಲ. ಡಾಕ್ಟರ ಮನೆಯಲ್ಲಿ ಮೊದಲ ಸಲ ಪಂದಿಕರಿ ತಿಂದ ದಿನ ಕಣ್ಣೊರೆಸಿಕೊಂಡು, "ನಮ್ಮಪ್ಪ ಬೇಟೆಯಿಂದ ಬಂದ ದಿನ ಹಿಂಗೇ ಇರ್ತಿತ್ತು" ಎಂದಳು. ಆಮೇಲೆ ಇಬ್ಬರೂ ಕೊಡವ ಭಾಷೆಗೆ ಇಳಿದರು. ನಾನು ಮೊಸರನ್ನ ಕಲಸುತ್ತಾ ಕೂತೆ.

ಅವರಿಗೆ ನನ್ನ ಮಾವನ ವಯಸ್ಸು. ನನಗೆ ಹೊಟ್ಟೆಕಿಚ್ಚು ಎಂದರೆ ಯಾರಾದರೂ ನಗುತ್ತಿದ್ದರು. ಆದರೆ ನನ್ನೆದುರು ಎಂದೂ ಬಾರದ ಒಂದು ನಗು ಅವಳಿಗೆ ಆ ಮನೆಯಲ್ಲಿ ಬರುತ್ತಿತ್ತು. ವಾಪಸು ಬರುವಾಗ ಕಾರಿನಲ್ಲಿ ಅದರ ಅರ್ಧವೂ ಉಳಿಯುತ್ತಿರಲಿಲ್ಲ.

ಟೆಕ್ಸಾಸ್‌ನಲ್ಲಿ ಅವರ ಹಳೆಯ ಪೇಷೆಂಟ್ ಒಬ್ಬರಿಗೆ ದೊಡ್ಡ ರ‍್ಯಾಂಚ್ ಇತ್ತು. ಕಾಡುಹಂದಿಗಳು ಅಲ್ಲಿ ಹೊಲ ಅಗೆದು ಹಾಕುತ್ತಿದ್ದುದರಿಂದ ಡಾಕ್ಟರು ಪ್ರತಿ ವರ್ಷ ಪಿಕಪ್ ಟ್ರಕ್ಕಿನಲ್ಲಿ ಹೋಗಿ ಹೊಡೆದು ತರುತ್ತಿದ್ದರು. ಒಂದು ವರ್ಷ ಜೊತೆಗೆ ಹೋಗುವವರು ಯಾರೂ ಸಿಗಲಿಲ್ಲ.

"ನೀವು ಹೋಗಿ" ಎಂದಳು ನನ್ನ ಹೆಂಡತಿ. "ಅಷ್ಟು ದೂರ ಅಂಕಲ್ ಒಬ್ರೇ ಡ್ರೈವ್ ಮಾಡೋದು ಬೇಡ."

ನಾನು ಶಾರ್ಲೆಟ್‌ಗೆ ಆಫೀಸಿನ ಕೆಲಸಕ್ಕೆ ಒಬ್ಬನೇ ಡ್ರೈವ್ ಮಾಡಿಕೊಂಡು ಹೋದಾಗ ಅವಳು ಹೀಗೆ ಚಿಂತಿಸಿದ್ದು ನೆನಪಿಲ್ಲ. ಆದರೂ ಹೋದೆ.

ಡಾಕ್ಟರು ಕಾಡಿನಲ್ಲೂ ದಿನಾ ಶೇವ್ ಮಾಡುತ್ತಿದ್ದರು. "ಆತುರ ಇಲ್ಲ, ಆದ್ರೆ ನಿಲ್ಲೋದು ಬೇಡ" ಎನ್ನುವುದು ಅವರ ಮಾತು. ಕಣ್ಣಿನ ಆಪರೇಷನ್ನಿಗೂ ಅದೇ, ಹೆದ್ದಾರಿಗೂ ಅದೇ. ಹಂದಿ ಹೊಡೆದದ್ದು ಒಂದೇ ಗುಂಡಿಗೆ. ಅದನ್ನು ಹಳ್ಳದಿಂದ ಮೇಲಕ್ಕೆ ಎಳೆಯುವಾಗ ಅವರ ಕಾಲು ಜಾರಿತು. ಪಾದ ಊದಿ ಬೂಟಿನೊಳಗೆ ಹೋಗದಂತಾಯಿತು. ರ‍್ಯಾಂಚಿನವರು ಮಾಂಸ ಬಿಡಿಸಿ, ಚೀಲಗಳಲ್ಲಿ ಕಟ್ಟಿ, ಐಸ್ ತುಂಬಿದ ಕೂಲರ್‌ಗಳಲ್ಲಿ ಇಟ್ಟುಕೊಟ್ಟರು. ಅಲ್ಲಿಂದ ಮನೆಯವರೆಗೂ ಸ್ಟಿಯರಿಂಗ್ ನನ್ನದು, ಮಾಂಸವೂ ನನ್ನದು.

"ಐಸ್ ಇರಬೇಕು, ನೀರು ನಿಲ್ಲಬಾರದು. ನೀರಲ್ಲಿ ನೆಂದ್ರೆ ಕೆಟ್ಟುಹೋಗತ್ತೆ" ಎನ್ನುತ್ತಿದ್ದರು ಸೀಟಿನಿಂದಲೇ. ಪೆಟ್ರೋಲ್ ಹಾಕಿಸಿದಲ್ಲೆಲ್ಲ ನಾನು ಕೂಲರ್‌ನ ಬಿರಡೆ ತೆಗೆದು, ಓರೆ ಮಾಡಿ, ಕೆಂಪು ನೀರು ಹರಿಸಿ, ಹೊಸ ಐಸ್ ಸುರಿಯುತ್ತಿದ್ದೆ. ಮೊದಲ ಸಲ ಮುಖ ಆಚೆ ತಿರುಗಿಸಿಕೊಂಡೆ. ಬರಬರುತ್ತಾ ಅಭ್ಯಾಸವಾಯಿತು.

ಮಿಸಿಸಿಪ್ಪಿಯ ಒಂದು ಸಣ್ಣ ಊರಿನಲ್ಲಿ ರೇಡಿಯೇಟರ್ ಪೈಪ್ ಒಡೆಯಿತು. ಅಕ್ಟೋಬರ್ ಆದರೂ ಬಿಸಿಲು ಚುರುಗುಟ್ಟುತ್ತಿತ್ತು. ಗ್ಯಾರೇಜಿನವನು ಪೈಪ್ ಬೇರೆ ಊರಿನಿಂದ ಬರಬೇಕು ಎಂದ. ಪಕ್ಕದ ಅಂಗಡಿಯಲ್ಲಿ ಐಸ್ ಮುಗಿದಿತ್ತು.

ಡಾಕ್ಟರು ನೆರಳಿನಲ್ಲಿ ಕಾಲು ಚಾಚಿ ಕೂತಿದ್ದರು. "ಎಸೆದುಬಿಡೋಣ, ಬಿಡಿ. ನೀವು ತಿನ್ನೋದೂ ಇಲ್ಲ. ಯಾಕೆ ಒದ್ದಾಡ್ತೀರಿ?"

"ಅವಳು ಕಾಯ್ತಿರ್ತಾಳೆ" ಎಂದೆ.

ಅವರು ನನ್ನನ್ನೇ ನೋಡಿದರು. ನಾನು ರಸ್ತೆಯುದ್ದಕ್ಕೂ ವಿಚಾರಿಸುತ್ತಾ ನಡೆದೆ. ಕೊನೆಗೆ ಮೀನಿನ ಅಂಗಡಿಯ ಹೆಂಗಸೊಬ್ಬಳು ತನ್ನ ಮೀನಿನ ಮೇಲಿನ ಐಸನ್ನೇ ಸಲಿಕೆಯಲ್ಲಿ ಎತ್ತಿ ಕೊಟ್ಟಳು. ಅದನ್ನು ಚೀಲದಲ್ಲಿ ಹೊತ್ತು ಎರಡು ಸಲ ಓಡಾಡಿದೆ. ಅಂಗಿಯೆಲ್ಲ ಮೀನಿನ ವಾಸನೆಯಾಯಿತು. ಆ ಮಾಂಸ ಅವಳಿಗೆ ತಲುಪುವುದಾದರೆ ನನ್ನ ಕೈಯಿಂದಲೇ ತಲುಪಬೇಕು ಎನ್ನುವುದೊಂದೇ ಆಗ ನನ್ನ ತಲೆಯಲ್ಲಿದ್ದದ್ದು.

ನಮ್ಮ ಮನೆ ಮುಂದೆ ಟ್ರಕ್ ನಿಲ್ಲಿಸಿದಾಗ ಅವಳು ಓಡಿ ಬಂದದ್ದು ಡಾಕ್ಟರಿದ್ದ ಕಡೆಯ ಬಾಗಿಲಿಗೆ. "ಅಂಕಲ್, ಕಾಲಿಗೆ ಏನಾಯ್ತು?" ನಾನು ಇಳಿದು ಕೂಲರ್ ಕೆಳಗಿಳಿಸತೊಡಗಿದೆ.

ಡಾಕ್ಟರು ಅವಳ ಜೊತೆ ಯಾವಾಗಲೂ ಕೊಡವ ಭಾಷೆಯಲ್ಲೇ ಮಾತಾಡುವವರು. ಅವತ್ತು ಮಾತ್ರ ನನಗೂ ಅರ್ಥವಾಗುವ ಹಾಗೆ ಕನ್ನಡದಲ್ಲಿ ಹೇಳಿದರು: "ನನ್ನ ಕಾಲು ಇರಲಿ. ನಾನು ಎಸೀಬೇಕು ಅಂದಿದ್ದೆ. ಇದನ್ನ ತಂದಿದ್ದು ನಿನ್ನ ಗಂಡ."

ಅವಳು ತಿರುಗಿ ನನ್ನನ್ನು, ಕಲೆಯಾದ ಅಂಗಿಯನ್ನು ನೋಡಿದಳು. ಆ ನಗು ಬಂತು. ನನಗೆ ಸಂತೋಷವಾಯಿತು. ಅದನ್ನೂ ಅವರೇ ಕೊಡಿಸಬೇಕಾಯಿತಲ್ಲ ಎಂದು ಒಳಗೆ ಚುಚ್ಚಿತು. ಅವತ್ತು ಮೊದಲ ಸಲ ನಮ್ಮ ಒಲೆಯ ಮೇಲೆ ಮಾಂಸ ಬೆಂದಿತು. "ಇಲ್ಲೇ ಮಾಡು" ಎಂದವನು ನಾನೇ.

ಮುಂದೆ ಕೆಲವು ವರ್ಷಕ್ಕೆ ಡಾಕ್ಟರು ಹೃದಯಾಘಾತದಿಂದ ತೀರಿಕೊಂಡರು. ಅವಳು ತಂದೆಗೆ ಅತ್ತಂತೆ ಅತ್ತಳು. ಡಾಕ್ಟರ ತಂಗಿಗೆ ಫೋನಿನಲ್ಲಿ ಕೊಡವ ಭಾಷೆಯಲ್ಲಿ ಹೇಳಿಕೊಳ್ಳುತ್ತಿದ್ದಾಗ ನಾನು ಬಾಗಿಲ ಬಳಿ ನಿಂತಿದ್ದೆ.

ಆ ಅಕ್ಟೋಬರ್‌ನಲ್ಲಿ ಟೆಕ್ಸಾಸ್‌ನವರಿಗೆ ಫೋನ್ ಮಾಡಿದೆ. ಅವರು ಒಂದು ಹಂದಿ ಹೊಡೆದು ಇಟ್ಟರು. ಒಬ್ಬನೇ ಹೋಗಿ, ದಾರಿಯುದ್ದಕ್ಕೂ ನೀರು ಬಸಿದು, ಐಸ್ ತುಂಬಿ, ಮನೆಗೆ ತಂದೆ. ಅವಳು ಬೇಯಿಸಿ, ಮೊದಲ ತುತ್ತು ಬಾಯಿಗಿಟ್ಟು, ಬಹಳ ಹೊತ್ತು ಅಗಿದಳು.

"ಚೆನ್ನಾಗಿದೆ" ಎಂದಳು. "ಆದ್ರೆ ಅಂಕಲ್ ತಂದಿದ್ದರ ಹಾಗಿಲ್ಲ."

"ಇರಲ್ಲ" ಎಂದೆ. ಅವಳ ತಟ್ಟೆಗೆ ಇನ್ನೊಂದು ಅಕ್ಕಿರೊಟ್ಟಿ ಹಾಕಿದೆ.