ಹೆಬ್ಬೆರಳಿನ ಕಸುಬು
ಕೊರೆದ ಬಾವಿಯ ಕೊಳವೆ ಅಲುಗದಂತೆ ಸುತ್ತ ಹಗುರ ಸಿಮೆಂಟ್ ತುಂಬುವವನನ್ನು ಹೆಬ್ಬೆರಳಿನಿಂದಲೇ ಗುರುತು ಹಿಡಿಯಬಹುದು, ನನ್ನದನ್ನೇ ನೋಡಿ. ಸಡಿಲ ನೆಲ ಭಾರ ತಾಳದೆಂದು ನೊರೆಯಂಥ ಸಿಮೆಂಟನ್ನು ಪಾತಾಳಕ್ಕಿಳಿಸಿದ ಮೇಲೆ ನಮ್ಮ ಕಣ್ಣಿಗೆ ಏನೂ ಕಾಣುವುದಿಲ್ಲ. ಹಾಗಾಗಿ ಅದರಲ್ಲೇ ಒಂದು ಲೋಟ ಎತ್ತಿಟ್ಟುಕೊಂಡು, ಗಟ್ಟಿಯಾಯಿತೇ ಎಂದು ಗಳಿಗೆಗೊಮ್ಮೆ ಒತ್ತಿ ನೋಡುತ್ತೇವೆ. ಮನೆಯ ಕಿಟಕಿಯಲ್ಲೂ ಅವೇ ಲೋಟಗಳು. ಕಾಫಿಗೆ ಒಂದೂ ಉಳಿದಿಲ್ಲ. ಹತ್ತಿರ ಬಂದವರಿಗೆಲ್ಲ "ಒತ್ಬೇಡಿ, ಇನ್ನೂ ಹಸಿ ಇದೆ" ಎಂದು ಗದರುವ ನಾನು ದಿಂಬು, ಬ್ರೆಡ್ಡು, ಬಾವಮೈದನ ಹೊಟ್ಟೆ ಯಾವುದನ್ನೂ ಒತ್ತದೆ ಬಿಟ್ಟವನಲ್ಲ. ಹೆಂಡತಿಗೆ ಆಪರೇಷನ್ ಆದ ದಿನ ಡಾಕ್ಟರು "ಕಾಯ್ಬೇಕು, ಅಷ್ಟೆ" ಎಂದರು. ಕಾಯುವುದು ನನ್ನ ಕಸುಬೇ ಅಲ್ಲವೇ ಎಂದು ಜಂಬದಿಂದ ಕೂತೆ. ಹೆಬ್ಬೆರಳು ಮಾತ್ರ ಅವಳ ಅಂಗೈ ಬಿಡಲಿಲ್ಲ. ಸಂಜೆ, ಕಣ್ಣು ತೆರೆಯದೆಯೇ ಅವಳು ಮೆಲ್ಲನೆ ಹೇಳಿದಳು: "ಒತ್ಬೇಡಿ, ಇನ್ನೂ ಹಸಿ ಇದೆ."